ತುಟಿಯ ಸಾಲಿನ ಹುಳು

ಗೌರಿಬಿದನೂರು
8 ಜೂನ್ 2024

ನಾಹಿದ್,

ಇಪ್ಪತ್ನಾಲ್ಕು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ನೀನು ಎನ್ನಬೇಕೋ ನೀವು ಎನ್ನಬೇಕೋ ತಿಳಿಯದೆ ಎರಡು ಹಾಳೆ ಹರಿದುಹಾಕಿ, ಕೊನೆಗೆ ಹಳೆಯ ಸಲಿಗೆಯೇ ಇರಲಿ ಎಂದುಕೊಂಡೆ. ನಿನ್ನ ಫೋನ್ ನಂಬರ್ ಎಲ್ಲೂ ಸಿಗಲಿಲ್ಲ. ಚಿಂತಾಮಣಿಯಲ್ಲಿ ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದೀಯ ಎಂದು ತಿಳಿದು ಅಲ್ಲಿಗೇ ಈ ಕಾಗದ.

ನಾನು ಇಲ್ಲೇ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಹೊಲವನ್ನು ತಮ್ಮ ನೋಡಿಕೊಳ್ಳುತ್ತಾನೆ. ಮಗಳು ಹರಿತಾ ಡಿಸೈನ್ ಓದುತ್ತಿದ್ದಾಳೆ. ಅವಳಿಗೆ ಅಟ್ಟದ ಮೇಲೆ ನನ್ನ ಹಳೆಯ ಫ್ಲಾಪಿಗಳು ಸಿಕ್ಕಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೆನ್ನು ಬಿದ್ದಳು. ಅವಳ ಒತ್ತಾಯಕ್ಕೆ ನಮ್ಮ 'ಒತ್ತಕ್ಷರ' ಬಳಗದ ಚರಿತ್ರೆ ಬರೆಯಲು ಕುಳಿತಿದ್ದೇನೆ. ನವೆಂಬರಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಪುಸ್ತಕ ಬಿಡುಗಡೆ, ಜೊತೆಗೆ ಚಿತ್ರಗಳ ಪ್ರದರ್ಶನ. ಮೊದಲ ಪುಟ ಹೀಗಿದೆ, ತಪ್ಪಿದ್ದರೆ ತಿದ್ದು:

"1998ರಲ್ಲಿ ಚಿಕ್ಕಬಳ್ಳಾಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ ಮೂವರು, ಗೌರಿಬಿದನೂರಿನ ಮುರಳಿಮೋಹನ್, ಶಿಡ್ಲಘಟ್ಟದ ನಾಹಿದ್, ಜಂಗಮಕೋಟೆಯ ಸಿದ್ಧಾರ್ಥ್, ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು ಕೀಲಿಮಣೆಯ ಅಕ್ಷರ, ಅಂಕಿ, ಚಿಹ್ನೆಗಳಿಂದಲೇ ಚಿತ್ರ ಬಿಡಿಸತೊಡಗಿದರು. ರೇಷ್ಮೆ ಸೀಮೆಯವರಾದ್ದರಿಂದ ಚಿತ್ರಕ್ಕೆ 'ಗೂಡು' ಎಂದು ಹೆಸರಿಟ್ಟರು. ಪ್ರತಿ ಗೂಡಿನೊಳಗೂ ಒಂದು 'ಹುಳು' ಇರುತ್ತಿತ್ತು. ಅಂದಿನ ಕನ್ನಡ ಫಾಂಟುಗಳು ಇಂಗ್ಲಿಷ್ ಗುರುತುಗಳ ಮೇಲೆಯೇ ಕನ್ನಡ ಅಕ್ಷರಗಳನ್ನು ಕೂರಿಸುತ್ತಿದ್ದವು. ಗೂಡನ್ನು ಕಂಪ್ಯೂಟರಿನಲ್ಲಿ ತೆರೆದು ಫಾಂಟ್ ಬದಲಿಸಿದರೆ ಚಿತ್ರ ಕಲಸಿಹೋಗಿ, ಒಂದು ಸಾಲಿನಲ್ಲಿ ಮಾತ್ರ ಕನ್ನಡದ ಮಾತೊಂದು ಮೂಡುತ್ತಿತ್ತು. ಅದೇ ಹುಳು. ಫ್ಲಾಪಿಗಳು ಖಾಸಗಿ ಬಸ್ಸುಗಳಲ್ಲಿ ನಾಲ್ಕು ತಾಲ್ಲೂಕು ಸುತ್ತಿದವು. ಮಾಡಿದವರು ಯಾರೆಂದು ಹೊರಗೆ ಯಾರಿಗೂ ತಿಳಿಯದು. 2000ದಲ್ಲಿ ಒಂದು ಬೆಳಿಗ್ಗೆ ಕೇಂದ್ರದ ಮಾಲೀಕ ಆವುಲಪ್ಪನವರ ಮುಖದ ಗೂಡು ಅಲ್ಲಿನ ಎಲ್ಲ ಕಂಪ್ಯೂಟರುಗಳಲ್ಲೂ ಕಾಣಿಸಿಕೊಂಡಿತು. ಅದರ ಹುಳು: ಸರ್ಟಿಫಿಕೇಟ್ ಕಳ್ಳ. ಯಾರೋ ಸಿದ್ಧಾರ್ಥನ ಹೆಸರು ಹೇಳಿದರು. ಹೇಳಿದವರು ಯಾರೆಂಬುದು ಚರಿತ್ರೆಗೆ ತಿಳಿಯದು. ಬಳಗ ಒಡೆಯಿತು."

ಸಿದ್ಧು ಡೆಂಗಿ ಜ್ವರದಲ್ಲಿ ಹೋಗಿ ಹದಿಮೂರು ವರ್ಷವಾಯಿತು. ಉಳಿದವರು ನಾವಿಬ್ಬರೇ. ನಿನ್ನ ನಿಕಾಹ್ ದಿನ ನಾನು ತಂದುಕೊಟ್ಟ ನಿನ್ನ ಮುಖದ ಗೂಡು ನೆನಪಿದೆಯಲ್ಲ? ನಮ್ಮ ಬಳಗದ ಕೊನೆಯ ಗೂಡು, ಎಲ್ಲಕ್ಕಿಂತ ದೊಡ್ಡದು. ಅದನ್ನು ಮಾಡಿದವನು ನಾನು ಎಂದು ಆಗ ಸಂಕೋಚದಿಂದ ಹೇಳಲಿಲ್ಲ. ಫ್ಲಾಪಿ ಹಾಳಾಗಿದೆ. ಮುದ್ರಿಸಿದ ಹಾಳೆ ನಿನ್ನ ಹತ್ತಿರ ಉಳಿದಿದ್ದರೆ ಅದನ್ನು ನೋಡಿಕೊಂಡು ಇನ್ನೊಮ್ಮೆ ಟೈಪ್ ಮಾಡಿಕೊಡಬಲ್ಲೆಯಾ? ಪ್ರದರ್ಶನದ ಮುಖ್ಯ ಚಿತ್ರ ಅದೇ ಆಗಲಿ ಎಂದು ಹರಿತಾಳ ಆಸೆ.

ನಿನ್ನ ಹಳೆಯ ಗೆಳೆಯ,
ಮುರಳಿಮೋಹನ್ (ಕೊಂಬು)


ಚಿಂತಾಮಣಿ
2 ಜುಲೈ 2024

ಮುರಳಿಮೋಹನ್,

ಕಾಗದ ಬಂತು. ಬಾಡಿಗೆ ಕರಾರು ಟೈಪ್ ಮಾಡಿಸಲು ಬಂದವರ ಮುಂದೆಯೇ ಒಡೆದು ಓದಿದೆ. ನಗು ಬಂತು. ಯಾಕಮ್ಮ ನಗ್ತೀರ ಎಂದು ಕೇಳಿದರು.

ಫೋನ್ ನಂಬರ್ ಕೊಡುವುದಿಲ್ಲ. ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ನೀನು ಹೇಳೇ ಇಲ್ಲ ಎನ್ನುತ್ತೀಯ. ಕಾಗದವೇ ಇರಲಿ.

ತಿದ್ದು ಎಂದಿದ್ದೀಯ, ತಿದ್ದುತ್ತೇನೆ. ಮೂವರಲ್ಲಿ ನಿನ್ನ ಹೆಸರು ಮೊದಲು ಹೇಗೆ ಬಂತು? ಮೊದಲ ಗೂಡು ಸಿದ್ಧುವಿನದು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಬರೀ ಸೊನ್ನೆ, ಗೆರೆಗಳಲ್ಲಿ ಬಿಡಿಸಿದ್ದ. ನೀನು ಅವನ ಬೆನ್ನ ಹಿಂದೆ ನಿಂತು ಮೂರು ತಿಂಗಳು ನೋಡುತ್ತಿದ್ದೆ ಅಷ್ಟೆ. ನಿನ್ನ ಮೊದಲ ಗೂಡು ವಿದುರಾಶ್ವತ್ಥದ ಮರ. ಎಲೆಗಳಿಗೆಲ್ಲ ಆಶ್ಚರ್ಯಸೂಚಕ ಹಾಕಿದ್ದೆ. ಮರವೇ ಕಿರುಚಿಕೊಳ್ಳುತ್ತಿದೆ ಎಂದು ಸಿದ್ಧು ನಕ್ಕಿದ್ದ, ನೀನು ಎರಡು ದಿನ ಮಾತು ಬಿಟ್ಟಿದ್ದೆ. ಅವರವರ ಹೆಸರಿನಲ್ಲಿರುವ ಒಂದು ಗುರುತನ್ನೇ ಸಹಿ ಮಾಡಿಕೊಂಡಿದ್ದೆವು: 'ಹಿ'ಯ ಗುಡಿಸು ನನಗೆ, 'ರ್ಥ'ದ ಅರ್ಕಾವತ್ತು ಅವನಿಗೆ, 'ಮು'ವಿನ ಕೊಂಬು ನಿನಗೆ. ಕೊಂಬು ನಿನಗೆ ಸರಿಯಾಗಿಯೇ ಬಂದಿದೆ.

ಬಳಗ ಒಡೆಯಿತು ಎಂದು ಬರೆದಿದ್ದೀಯ. ಒಡೆದದ್ದು ಬಳಗವಲ್ಲ. ಆವುಲಪ್ಪ ಸಿದ್ಧುವಿನ ಬಲಗೈಯನ್ನು ಮೇಜಿನ ಡ್ರಾಯರಿನೊಳಗೆ ಇಡಿಸಿ, ಡ್ರಾಯರನ್ನು ಕಾಲಿನಿಂದ ಒದ್ದು ಮುಚ್ಚಿದ. ಮೂರು ಬೆರಳು. ಅದನ್ನು ಪುಸ್ತಕದಲ್ಲಿ ಬರಿ.

ಇನ್ನು ನನ್ನ ಮುಖದ ಗೂಡು. ಅದು ನಮ್ಮ ನಡುಮನೆಯ ಗೋಡೆಯ ಮೇಲೆ, ಗಾಜಿನ ಕಟ್ಟಿನೊಳಗಿದೆ. ಮಳೆಗೆ ಗೋಡೆ ತೇವವಾದರೆ ಮೊದಲು ಕೆಳಗಿಳಿಸುವುದು ಅದನ್ನೇ. ನಿಕಾಹ್ ಆದ ಮೇಲೆ ಶಿಡ್ಲಘಟ್ಟದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ದಸ್ತಗಿರ್ ಮಾಮು ನನಗೆ ಹೇಳಿದ್ದರು, "ಆ ಹುಡುಗ ಎರಡು ತಿಂಗಳು ನನ್ನ ಅಂಗಡಿಗೆ ಬರ್ತಿದ್ನಮ್ಮ. ಎಡಗೈಲಿ ಒಂದೊಂದೇ ಬೆರಳು ಒತ್ತಿ ಮಾಡ್ತಿದ್ದ." ನಿನ್ನ ಎರಡು ಕೈಯೂ ಆಗ ಚೆನ್ನಾಗಿದ್ದವಲ್ಲ, ಎಡಗೈಯಲ್ಲಿ ಯಾಕೆ ಒತ್ತಿದೆ?

ಮಾಡಿದವನು ನೀನೇ ಎನ್ನುವುದಾದರೆ ಅದರ ಹುಳು ಏನೆಂದು ಹೇಳು. ಹಾಳೆಯ ಮೇಲೆ ಫಾಂಟ್ ಬದಲಿಸಲು ಆಗುವುದಿಲ್ಲ, ಆದ್ದರಿಂದ ನನಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನ್ನಿಸಲೂ ಇಲ್ಲ. ಮುರಿದ ಕೈಯವನು ಎರಡು ತಿಂಗಳು ಕೂತು ಮಾಡಿದ್ದರಲ್ಲಿ ಒಳ್ಳೆಯ ಮಾತೇ ಇರುತ್ತದೆ ಎಂದುಕೊಂಡು ಬದುಕಿದ್ದೇನೆ. ನನ್ನ ತುಟಿಯ ಮೇಲಿನ ಮಚ್ಚೆಯನ್ನೂ ಅವನು ಬಿಟ್ಟಿಲ್ಲ.

ಜಂಗಮಕೋಟೆಗೆ ವರ್ಷಕ್ಕೆ ಎರಡು ಸಲ ಹೋಗುತ್ತೇನೆ. ಅವನ ತಾಯಿ ಮಂಗಮ್ಮ ನನ್ನನ್ನು ಮಗಳು ಎನ್ನುತ್ತಾರೆ. ಅವನು ಹೋದ ಮೇಲೆ ನನಗೆ ಉಳಿದಿರುವುದು ಆ ಮನೆ ಮತ್ತು ಈ ಪಟ. ನೀನು ಅಲ್ಲಿಗೆ ಒಮ್ಮೆಯಾದರೂ ಹೋದೆಯಾ?

ಪಟದ ಜೆರಾಕ್ಸ್ ಇಟ್ಟಿದ್ದೇನೆ. ನೋಡಿ ನೆನಪು ಮಾಡಿಕೋ.

ನಾಹಿದ್


ಗೌರಿಬಿದನೂರು
15 ಜುಲೈ 2024

ಪ್ರಿಯ ನಾಹಿದ್,

ನಿನ್ನ ನಾಲಿಗೆ ಹಾಗೇ ಇದೆ, ಸಂತೋಷ.

ದಸ್ತಗಿರ್ ಸಾಹೇಬರು ಕಂಡದ್ದು ನಿಜವೇ ಇರಬಹುದು. ಒತ್ತಿದ ಕೈ ಸಿದ್ಧುವಿನದು. ಹೇಗೆ ಬರಬೇಕು, ಎಲ್ಲಿ ಯಾವ ಗುರುತು ಕೂರಬೇಕು ಎಂಬ ಕಲ್ಪನೆ ನನ್ನದು. ಕಟ್ಟಡಕ್ಕೆ ಗಾರೆಯವನ ಹೆಸರನ್ನು ಯಾರೂ ಇಡುವುದಿಲ್ಲ. ಅದರ ಹುಳು, ನನಗೆ ನೆನಪಿರುವಂತೆ, 'ನಗುತ್ತಿರು'. ಯಾವ ಸಾಲು ಎಂಬುದು ಮರೆತಿದೆ.

ಡ್ರಾಯರಿನ ವಿಷಯ ಬರೆಯಲು ಆಗುವುದಿಲ್ಲ. ಆವುಲಪ್ಪನವರು ತೀರಿಕೊಂಡಿದ್ದಾರೆ, ಅವರ ಮಗ ನಮಗೆ ಸಭಾಂಗಣ ಕೊಡಿಸಿದ್ದಾರೆ. 'ಅಹಿತಕರ ಘಟನೆ' ಎಂದು ಬರೆದಿದ್ದೇನೆ. ತಿಳಿಯುವವರಿಗೆ ತಿಳಿಯುತ್ತದೆ.

ಮಂಗಮ್ಮನವರನ್ನು ಕರೆಯುತ್ತೇನೆ. ಹರಿತಾ ದೊಡ್ಡ ಪರದೆ ಮಾಡಿಸುತ್ತಿದ್ದಾಳೆ, ಒಂದು ಗುಂಡಿ ಒತ್ತಿದರೆ ಫಾಂಟ್ ಬದಲಾಗಿ ಹುಳು ಮಾತ್ರ ಬೆಳಗುವ ಹಾಗೆ. ಮೊದಲ ಗುಂಡಿಯನ್ನು ಆ ತಾಯಿಯೇ ಒತ್ತಲಿ. ಪತ್ರಿಕೆಯವರೂ ಬರುತ್ತಾರೆ.

ನಿನ್ನ,
ಮುರಳಿ


ಚಿಂತಾಮಣಿ
11 ಆಗಸ್ಟ್ 2024

ಸಿದ್ಧು,

ಈ ಕಾಗದವನ್ನು ಯಾವ ಡಬ್ಬಿಗೂ ಹಾಕುವ ಹಾಗಿಲ್ಲ. ಆದರೂ ಬರೆಯುತ್ತೇನೆ. ಬೇರೆ ಯಾರಿಗೆ ಹೇಳಲಿ?

ಪಟ ಇಳಿಸಿ, ಗಾಜು ಬಿಚ್ಚಿ, ಅಂಗಡಿಯ ಮೇಜಿನ ಮೇಲೆ ಹಾಸಿಕೊಂಡು ಟೈಪ್ ಮಾಡತೊಡಗಿದೆ. ಅರವತ್ತು ಸಾಲು, ಸಾಲಿಗೆ ಎಪ್ಪತ್ತೆಂಟು ಗುರುತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ದಿನಕ್ಕೆ ನಾಲ್ಕೈದು ಸಾಲು. ನನ್ನ ಹಣೆ ಮಾಡಿದ್ದೀಯ, ಹುಬ್ಬು ಮಾಡಿದ್ದೀಯ, ಮೂಗಿನ ಬೊಟ್ಟಿಗೆ ಒಂದು ಸೊನ್ನೆ ಇಟ್ಟಿದ್ದೀಯ. ಒಂದೊಂದು ಗುರುತು ಒತ್ತುವಾಗಲೂ ಇದನ್ನು ಎಡಗೈಯಲ್ಲಿ ಒತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಸುಖವಾಗಿತ್ತು ಕಣೋ. ಸುಳ್ಳು ಹೇಳುವುದಿಲ್ಲ, ಬಹಳ ಸುಖವಾಗಿತ್ತು.

ಹತ್ತನೆಯ ದಿನ ತುಟಿಗೆ ಬಂದೆ. ನಲವತ್ತೊಂದನೆಯ ಸಾಲು:

EªÀ¼ÉÃ ºÉÃ½zÀÄÝ

ಇಪ್ಪತ್ತು ವರ್ಷದಿಂದ ಇದೇ ಫಾಂಟಿನಲ್ಲಿ ಅರ್ಜಿ ಟೈಪ್ ಮಾಡುತ್ತಿರುವವಳು ನಾನು. ¼, ಅಂದರೆ ಕಾಲು ಗುರುತು, 'ಳ'. ½, ಅಂದರೆ ಅರ್ಧ ಗುರುತು, 'ಳಿ'. ಫಾಂಟ್ ಬದಲಿಸುವ ಅಗತ್ಯವೇ ಬೀಳಲಿಲ್ಲ. ಇವಳೇ ಹೇಳಿದ್ದು. ನನ್ನ ತುಟಿಯಿಂದಲೇ ಹೇಳಿಸಿದ್ದೀಯ.

ದಿನಾ ಕಣ್ಣೆದುರಿಗೆ ಇದ್ದದ್ದು ನನಗೆ ಯಾಕೆ ಕಾಣಲಿಲ್ಲ? ಮುಖ ನೋಡುತ್ತಿದ್ದೆ, ಅಕ್ಷರ ನೋಡಲಿಲ್ಲ. ಮಚ್ಚೆ ಎಂದುಕೊಂಡದ್ದು ನಿನ್ನ 'ಳ'. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿದ್ದೇನೆ, ಮಗಳ ಮದುವೆಯಲ್ಲಿ ಬೀಗರಿಗೂ ತೋರಿಸಿದ್ದೇನೆ. ನನಗೆ ಉಗಿದದ್ದನ್ನು ಕಟ್ಟು ಹಾಕಿಸಿ, ಧೂಳು ಒರೆಸಿ, ಇಪ್ಪತ್ನಾಲ್ಕು ವರ್ಷ ಕಾಪಾಡಿದ್ದೇನೆ.

ನಾನು ಹೇಳಲಿಲ್ಲ ಸಿದ್ಧು. ಆ ದಿನ ಆವುಲಪ್ಪ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದ. ಮೊದಲು ನನ್ನನ್ನು. ಗೊತ್ತಿಲ್ಲ ಎಂದೆ. ಆಮೇಲೆ ಮುರಳಿ ಹೋದ, ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಆಮೇಲೆ ನಿನ್ನನ್ನು ಕರೆದರು. ನಿನಗೆ ಇಷ್ಟು ಲೆಕ್ಕ ಬರಲಿಲ್ಲವೇ? ನಾನು ಮಾಡಿದ ತಪ್ಪು ಬೇರೆ ಇದೆ. ಆವುಲಪ್ಪನ ಮುಖದೊಳಗೆ 'ಸರ್ಟಿಫಿಕೇಟ್ ಕಳ್ಳ' ಎಂಬ ಹುಳು ಇಟ್ಟವಳು ನಾನು. ಬಾಗಿಲ ಹೊರಗೆ ನಿಂತು ನಿನ್ನ ಕೂಗು ಕೇಳಿದೆ. ಇಟ್ಟವಳು ನಾನು ಎಂದು ಹೇಳಲು ಒಳಗೆ ಹೋಗಲಿಲ್ಲ. ಅದಕ್ಕೆ ನೀನು ಏನು ಬರೆದಿದ್ದರೂ ಒಪ್ಪುತ್ತಿದ್ದೆ. ನಾನು ಮಾಡದೇ ಇದ್ದುದನ್ನು ಬರೆದೆ.

ಒಂದು ಸಲ ಕೇಳಬಹುದಿತ್ತು. ಜಂಗಮಕೋಟೆಯಿಂದ ಶಿಡ್ಲಘಟ್ಟಕ್ಕೆ ಬಸ್ಸಿರಲಿಲ್ಲವೇ? ಎರಡು ತಿಂಗಳು ದಿನಾ ಅದೇ ಬಸ್ಸಿನಲ್ಲಿ ಬಂದು, ನಮ್ಮ ಮಾಮುವಿನ ಅಂಗಡಿಯಲ್ಲೇ ಕೂತು, ನನ್ನ ಮುಖ ಬಿಡಿಸಿ ನನಗೇ ಕಳಿಸಿದೆ. ಅದೂ ಅವನ ಕೈಯಲ್ಲಿ. ನೀನು ಎಂಥ ದಡ್ಡನೋ. ನಿನ್ನ ಮೇಲೆ ಇಷ್ಟು ಸಿಟ್ಟು ಬಂದಿದೆ, ಬೈಯೋಣವೆಂದರೆ ಮಣ್ಣಿನಲ್ಲಿದ್ದೀಯ.

ಈಗ ಅವನು ಇದನ್ನೇ ತನ್ನದು ಎನ್ನುತ್ತಿದ್ದಾನೆ. ಹುಳು 'ನಗುತ್ತಿರು' ಅಂತೆ. ಹಾಗಾದರೆ ಅವನದೇ ಆಗಲಿ. ಒಂದೇ ಒಂದು ಗುರುತು ಬದಲಿಸುತ್ತೇನೆ. ¼ ತೆಗೆದು £ ಇಡುತ್ತೇನೆ. ಕಾಲು ಹೋಗಿ ಪೌಂಡ್ ಬಂದರೆ 'ಳ' ಹೋಗಿ 'ನ' ಬರುತ್ತದೆ. ಇವನೇ ಹೇಳಿದ್ದು. ಕೆಳಗೆ ಅವನೇ ಸಹಿ ಹಾಕುತ್ತಾನೆ. ಗುಂಡಿ ಒತ್ತುವುದು ನಿನ್ನ ಅಮ್ಮ.

ಇದನ್ನು ನೀನು ಮಾಡಬೇಕಾಗಿತ್ತು. ನಿನ್ನ ತಪ್ಪನ್ನು ನಾನು ತಿದ್ದುತ್ತಿದ್ದೇನೆ.

ನಾಹಿದ್ (ಗುಡಿಸು)


ಚಿಂತಾಮಣಿ
20 ಸೆಪ್ಟೆಂಬರ್ 2024

ಮುರಳಿ,

ಟೈಪಿಂಗ್ ಮುಗಿಯಿತು. ನಿನ್ನ ನೆನಪು ಸರಿಯಾಗಿದೆ. ಹುಳು ಸಿಕ್ಕಿತು, ನೀನು ಹೇಳಿದ ಮಾತೇ. ತುಟಿಯ ಸಾಲಿನಲ್ಲಿದೆ. ಮಾಡಿದವನಿಗಲ್ಲದೆ ಇನ್ನೊಬ್ಬರಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಸಿದ್ಧು ಮಾಡಿದ್ದು ಎಂದು ಇಷ್ಟು ವರ್ಷ ನಂಬಿದ್ದು ನನ್ನ ತಪ್ಪು. ಕೆಳಗೆ ನಿನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಸು, ಕೊಂಬನ್ನೂ ಸೇರಿಸು.

ಎರಡು ಮಾತು. ಹಳೆಯ ಪದ್ಧತಿ ನಿನಗೆ ಗೊತ್ತಲ್ಲ, ಜನರ ಮುಂದೆ ತೆರೆಯುವ ಮೊದಲು ಹುಳುವನ್ನು ಯಾರೂ ನೋಡಬಾರದು. ಆದ್ದರಿಂದ ಪೆನ್‌ಡ್ರೈವನ್ನು ನನ್ನ ತಮ್ಮ ಬಬ್ಲು ಆ ದಿನ ಬೆಳಿಗ್ಗೆಯೇ ಸಭಾಂಗಣಕ್ಕೆ ತಂದುಕೊಡುತ್ತಾನೆ. ಮಂಗಮ್ಮನಿಗೆ ಓದಲು ಬರುವುದಿಲ್ಲ. ಅವರು ಗುಂಡಿ ಒತ್ತಿದ ಮೇಲೆ ನಿನ್ನ ಮಗಳೇ ಮೈಕಿನಲ್ಲಿ ಓದಿ ಹೇಳಲಿ. ಮಗಳ ಬಾಯಿಂದ ಕೇಳಿದರೆ ನಿನಗೂ ಸಂತೋಷ.

ನಾಹಿದ್


ಗೌರಿಬಿದನೂರು
4 ಅಕ್ಟೋಬರ್ 2024

ಪ್ರೀತಿಯ ನಾಹಿದ್,

ನಿನ್ನ ಕಾಗದವನ್ನು ಹರಿತಾಳಿಗೆ ಎರಡು ಸಲ ಓದಿ ಹೇಳಿದೆ. ಸತ್ಯ ಒಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು. ನೀನು ಹೇಳಿದ ಹಾಗೆಯೇ ಆಗಲಿ, ಪದ್ಧತಿ ಪದ್ಧತಿಯೇ. ನವೆಂಬರ್ 24, ಭಾನುವಾರ, ಹನ್ನೊಂದು ಗಂಟೆ. ಮುಂದಿನ ಸಾಲಿನಲ್ಲಿ ನಿನಗೆ ಕುರ್ಚಿ ಹಾಕಿಸುತ್ತೇನೆ.

ಮುರಳಿ


ಚಿಂತಾಮಣಿ
26 ನವೆಂಬರ್ 2024

ಮುರಳಿಮೋಹನ್,

ಮುಂದಿನ ಸಾಲಿನ ಕುರ್ಚಿ ಖಾಲಿ ಇತ್ತು ಎಂದು ಬೇಸರ ಮಾಡಿಕೊಳ್ಳಬೇಡ. ನಾನು ಬಂದಿದ್ದೆ. ಕೊನೆಯ ಸಾಲಿನಲ್ಲಿ, ಬುರ್ಖಾ ಹಾಕಿಕೊಂಡು, ಹೆಂಗಸರ ನಡುವೆ ಕೂತಿದ್ದೆ. ಅಲ್ಲಿಂದ ಪರದೆಯೂ ಕಾಣುತ್ತಿತ್ತು, ನೀನೂ ಕಾಣುತ್ತಿದ್ದೆ.

ನೀನು ಚರಿತ್ರೆಯ ಮೊದಲ ಪುಟವನ್ನು ಚೆನ್ನಾಗಿ ಓದಿದೆ. 'ಯಾರೋ ಸಿದ್ಧಾರ್ಥನ ಹೆಸರು ಹೇಳಿದರು' ಎನ್ನುವಾಗ ಕನ್ನಡಕ ಕೂಡ ತೆಗೆದು ಒರೆಸಿಕೊಂಡೆ. ಪರದೆಯ ಮೇಲೆ ನನ್ನ ಮುಖ ಬಂತು, ಕೆಳಗೆ ನಿನ್ನ ಹೆಸರು, ಚಪ್ಪಾಳೆ. ಮಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಗುಂಡಿ ಒತ್ತಿದರು. ನಿನ್ನ ಮಗಳು ಶಾಲೆಯಲ್ಲಿ ಪದ್ಯ ಓದುವವಳ ಹಾಗೆ ಸ್ಪಷ್ಟವಾಗಿ ಓದಿದಳು, "ಇವನೇ ಹೇಳಿದ್ದು." ಓದಿದ ಮೇಲೆ ಅವಳಿಗೆ ಅರ್ಥವಾಯಿತು. ಮೈಕು ಹಿಡಿದುಕೊಂಡೇ ನಿನ್ನ ಕಡೆ ತಿರುಗಿದಳು.

ಆಗ ಮಂಗಮ್ಮ ಕೇಳಿದರು, "ಯಾರಮ್ಮ ಅದು, ಇವನು ಅಂದ್ರೆ? ಏನು ಹೇಳಿದ್ದು?"

ನೀನು ನಕ್ಕುಬಿಡಬಹುದಿತ್ತು. ಇದೊಂದು ತಮಾಷೆ, ನನಗೇ ಮರೆತುಹೋಗಿತ್ತು ಎನ್ನಬಹುದಿತ್ತು. ಸಭೆಯವರೂ ನಗುತ್ತಿದ್ದರು. ನೀನು ಏನು ಮಾಡಿದೆ ಗೊತ್ತೇ? ಬಲಗೈಯನ್ನು ಜುಬ್ಬಾದ ಜೇಬಿನೊಳಗೆ ಹಾಕಿಕೊಂಡೆ. ಡ್ರಾಯರು ನಿನ್ನ ಮುಂದೆಯೇ ತೆರೆದುಕೊಂಡಂತೆ, ಆ ಕೈಯನ್ನು ಆಮೇಲೆ ಹೊರಗೇ ತೆಗೆಯಲಿಲ್ಲ. ಮಂಗಮ್ಮ ನಿನ್ನ ಜೇಬನ್ನೇ ನೋಡುತ್ತ ನಿಂತಿದ್ದರು. ಹರಿತಾ ಕೂಡ.

ಊಟ ಚೆನ್ನಾಗಿತ್ತಂತೆ, ಬಬ್ಲು ಹೇಳಿದ. ನಾನು ಊಟಕ್ಕೆ ನಿಲ್ಲಲಿಲ್ಲ. ಬಸ್ಸಿನಲ್ಲಿ ಚಿಂತಾಮಣಿಯವರೆಗೂ ಒಬ್ಬಳೇ ನಗುತ್ತ ಬಂದೆ. ಇಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ನಾಹಿದ್ (ಗುಡಿಸು)


ಗೌರಿಬಿದನೂರು
22 ಡಿಸೆಂಬರ್ 2024

ನಾಹಿದ್,

ಹರಿತಾ ಹದಿನೆಂಟು ದಿನ ನನ್ನೊಂದಿಗೆ ಮಾತಾಡಲಿಲ್ಲ. ತಟ್ಟೆ ಹಿಡಿದು ಬೇರೆ ಕೋಣೆಗೆ ಹೋಗುತ್ತಿದ್ದಳು. ಅದನ್ನೂ ನಿನ್ನ ಸಂತೋಷಕ್ಕೆ ಸೇರಿಸಿಕೋ.

ಹತ್ತೊಂಬತ್ತನೆಯ ದಿನ ನೀನು ಜುಲೈನಲ್ಲಿ ಕಳಿಸಿದ್ದ ಜೆರಾಕ್ಸ್ ನೆನಪಾಯಿತು. ನಿನಗೆ ಆ ಹಾಳೆ ಮರೆತೇಹೋಗಿತ್ತೇನೋ. ಭೂತಗನ್ನಡಿ ಇಟ್ಟು ತುಟಿಯ ಸಾಲನ್ನು ಹರಿತಾಳಿಂದಲೇ ಟೈಪ್ ಮಾಡಿಸಿದೆ. ಹದಿನಾಲ್ಕು ಗುರುತು, ಎರಡು ನಿಮಿಷದ ಕೆಲಸ. ನಾಲ್ಕನೆಯದು ಕಾಲು ಗುರುತು. ಪೌಂಡ್ ಅಲ್ಲ. ಅವಳು ಫಾಂಟ್ ಬದಲಿಸಿ ಓದಿದಳು. ಆಮೇಲೆ ನನ್ನ ಪಕ್ಕದಲ್ಲಿ ಕುಳಿತು ಊಟ ಮಾಡಿದಳು.

ಆ ಗೂಡು ನನ್ನದಲ್ಲ. ಸಿದ್ಧುವಿನದು. ಅವನ ಕಲ್ಪನೆ, ಅವನ ಎಡಗೈ. ಎರಡನೆಯ ಮುದ್ರಣದಲ್ಲಿ ಹಾಗೆಯೇ ಬರೆಯುತ್ತೇನೆ. ನೀನು ಬಯಸಿದ್ದೂ ಅದೇ ತಾನೆ? ಹೆಸರು ಹೇಳಿದವರು ಯಾರೆಂಬುದಕ್ಕೆ ಈಗ ಚರಿತ್ರೆಯಲ್ಲಿ ಸಾಕ್ಷಿ ಇದೆ, ಬೆರಳು ಕಳೆದುಕೊಂಡವನದೇ ಅಕ್ಷರದಲ್ಲಿ. ಪಕ್ಕದ ಪುಟದಲ್ಲಿ ನೀನು ತಿದ್ದಿ ಕಳಿಸಿದ್ದನ್ನು ಹಾಕುತ್ತೇನೆ. ತಪ್ಪಿಲ್ಲದವಳು ಯಾಕೆ ತಿದ್ದಿದಳು ಎಂದು ಓದುವವರು ಕೇಳಿಕೊಳ್ಳಲಿ.

ನಾನು ಹೇಳಿದೆ ಎಂದು ನಾನು ಎಲ್ಲೂ ಬರೆದಿಲ್ಲ. ಈ ಕಾಗದದಲ್ಲೂ ಹುಡುಕಬೇಡ. ಸಿದ್ಧು ಕೈಗೆ ಬಟ್ಟೆ ಸುತ್ತಿಕೊಂಡು ಬಂದು, ನಾಹಿದ್ ಹೇಳಿದಳಾ ಎಂದು ಕೇಳಿದ್ದ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಅಪರಾಧವಾದರೆ, ಬಾಗಿಲ ಹೊರಗೆ ಅವನ ಕೂಗು ಕೇಳುತ್ತ ನಿಂತಿದ್ದ ನಿನ್ನದೂ ಅಪರಾಧವೇ. ನಾನು ಒಳಗಿನ ಬೆಂಚಿನ ಮೇಲಿದ್ದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ಚಪ್ಪಲಿ ಕಾಣುತ್ತಿತ್ತು. ಪಟ್ಟಿ ಹಸಿರು.

ಜಂಗಮಕೋಟೆಗೆ ಒಮ್ಮೆಯಾದರೂ ಹೋದೆಯಾ ಎಂದು ನೀನು ಕೇಳಿದ್ದೆ. ಹೋದ ಭಾನುವಾರ ಹೋಗಿಬಂದೆ. ಆ ಜೆರಾಕ್ಸ್, ನೀನು ತಿದ್ದಿದ್ದರ ಪ್ರಿಂಟ್, ಎರಡು ಹಾಳೆಯನ್ನೂ ಮಂಗಮ್ಮನವರಿಗೆ ಕೊಟ್ಟು ಬಂದಿದ್ದೇನೆ.

ಮುರಳಿಮೋಹನ್


ಜಂಗಮಕೋಟೆ
19 ಜನವರಿ 2025

(ಅಕ್ಕ, ನಾನು ಪಕ್ಕದ ಮನೆ ಮೌನಿಕಾ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ.)

ಅಮ್ಮಾ ನಾಹಿದ್,

ನಾನು ಚೆನ್ನಾಗಿದೀನಿ, ನೀನೂ ಚೆನ್ನಾಗಿರು. ಸಂಕ್ರಾಂತಿಗೆ ಬರ್ತೀನಿ ಅಂತ ನೀನು ಬಬ್ಲು ಕೈಲಿ ಹೇಳಿ ಕಳಿಸಿದ್ದೆ. ನಿಂಗೆ ಅಂತ ಎಳ್ಳುಬೆಲ್ಲ ಎತ್ತಿಟ್ಟಿದ್ದೆ, ಆಮೇಲೆ ಮೌನಿಕಾಗೆ ಕೊಟ್ಟುಬಿಟ್ಟೆ. ಹಬ್ಬದ ದಿನ ನೀನು ಬಂದು ಬಾಗಿಲು ಬಡಿದೆ. ನಾನು ಒಳಗೇ ಇದ್ದೆ ಕಣಮ್ಮ.

ಆ ಮೇಷ್ಟ್ರು ಬಂದಿದ್ರು. ಕುರ್ಚಿ ಹಾಕಿದ್ರೂ ಕೂರ್ಲಿಲ್ಲ. ಎರಡು ಹಾಳೆ ಕೊಟ್ಟು, ಇದು ನಿಮ್ಮ ಮಗ 'ಇವಳೇ ಹೇಳಿದ್ದು' ಅಂತ ಇಟ್ಟಿದ್ದು, ಇದು ನಾಹಿದ್ 'ಇವನೇ' ಅಂತ ತಿದ್ದಿದ್ದು ಅಂದ್ರು. ನಂಗೆ ಓದಕ್ಕೆ ಬರಲ್ಲ, ಎರಡೂ ಒಂದೇ ತರ ಕಂಡ್ವು. ಮೌನಿಕಾನ ಕೇಳ್ದೆ. ಬೇರೆ ಬೇರೆನೇ ಅಜ್ಜಿ, ಒಂದು ಅಕ್ಷರ ಬದ್ಲಾಗಿದೆ ಅಂದ್ಲು. ಎಲ್ಲಿ ಅಂತ ಬೆರಳಿಟ್ಟು ತೋರಿಸಿದ್ಲು.

ಹೆಸರು ಹೇಳಿದ್ದು ಯಾರು ಅಂತ ನಂಗೆ ಯಾರೂ ಹೇಳಬೇಕಾಗಿಲ್ಲ. ಅವತ್ತು ಆಯಪ್ಪ ಕೈ ಜೇಬಿಗೆ ಹಾಕಿದ್ದು ನೋಡಿದೀನಿ. ನೀನು ಹೇಳಿಲ್ಲ ಅಂತ ನಂಗೊತ್ತು. ಅದಕ್ಕಲ್ಲ ನಾನು ಬಾಗಿಲು ತೆಗೀದೆ ಇದ್ದಿದ್ದು.

ನನ್ನ ಮಗ ಹನ್ನೊಂದು ವರ್ಷ ಎಡಗೈಲಿ ಉಂಡ. ಯಾರಾದ್ರೂ ಬಂದ್ರೆ ತಟ್ಟೆ ಎತ್ಕೊಂಡು ರೇಷ್ಮೆ ಹುಳದ ಮನೆಗೆ ಹೋಗ್ತಿದ್ದ. ಆ ಕೈಲಿ ಅವನು ಮಾಡಿದ್ದು ಅಂತ ಈ ಲೋಕದಲ್ಲಿ ಇರೋದು ಅದೊಂದೇ. ಅವನು ತಪ್ಪು ತಿಳ್ಕೊಂಡಿದ್ದ. ತಪ್ಪೇ ಇರಲಿ, ಅದು ಅವನದು. ನೀನು ನಂಗೆ ಬಂದು ಹೇಳಬಹುದಾಗಿತ್ತು, ಅಮ್ಮ, ನಿನ್ನ ಮಗ ಹಿಂಗೆ ಬರೆದವ್ನೆ ಅಂತ. ಇಬ್ರೂ ಕೂತ್ಕೊಂಡು ಅತ್ತು ಅವನನ್ನ ಬೈತಿದ್ವಿ. ನೀನು ಅವನು ಇಟ್ಟ ಅಕ್ಷರ ಕಿತ್ತು, ನಿನ್ನದಿಟ್ಟು, ಅಷ್ಟು ಜನದ ಮುಂದೆ ನನ್ನ ಕೈಲೇ ಗುಂಡಿ ಒತ್ತಿಸಿದೆ. ಓದು ಬರದವಳು, ಇವಳಿಗೆ ಏನು ಗೊತ್ತಾಗ್ತದೆ ಅಂದ್ಕೊಂಡೆ.

ಆವುಲಪ್ಪ ಅವನ ಬಲಗೈ ಕಿತ್ಕೊಂಡ. ಎಡಗೈ ನೀನು ಕಿತ್ಕೊಂಡೆ.

ಗೋಡೆ ಮೇಲಿರೋ ಪಟನ ನಿನ್ನ ತಮ್ಮನ ಕೈಲಿ ಕಳಿಸಮ್ಮ. ನೀನು ಬರಬೇಡ.

ಮಂಗಮ್ಮ
(ಹೆಬ್ಬೆಟ್ಟಿನ ಗುರುತು)